ನಮ್ಮಣ್ಣ ಬಾಡು ಬಿಟ್ಟದ್ದು

ನಮ್ಮಣ್ಣ ಸಂಜೀವಯ್ಯ ಬಾಡು ಬಿಟ್ಟದ್ದು ಐವತ್ತೇಳನೇ ಇಸವಿಯ ಶ್ರಾವಣದಲ್ಲಿ. ಬಿಟ್ಟ ಅನ್ನುವ ಮೊದಲು ತಿನ್ನುತ್ತಿದ್ದದ್ದು ಎಷ್ಟು ಎಂದು ಹೇಳಿಬಿಡಬೇಕು, ಇಲ್ಲದಿದ್ದರೆ ನೀವು ಅವನನ್ನು ಹುಲಿ ಎಂದುಕೊಂಡೀರಿ. ಯುಗಾದಿಯ ಮಾರನೇ ದಿನ ಹೊಸತೊಡಕಿಗೆ ಒಂದು ಸಲ, ಮಾರಮ್ಮನ ಹಬ್ಬಕ್ಕೆ ಒಂದು ಸಲ, ಹಿರಿಯರಿಗೆ ಎಡೆ ಇಡುವ ಮಹಾಲಯದಲ್ಲಿ ಒಂದು ಸಲ, ಬೀಗರು ಬಂದರೆ ಒಂದು ಕೋಳಿ. ಎಲ್ಲ ಸೇರಿಸಿದರೂ ವರ್ಷಕ್ಕೆ ಎಂಟು ದಿನ ದಾಟುತ್ತಿರಲಿಲ್ಲ. ಉಳಿದ ಮುನ್ನೂರ ಐವತ್ತೇಳು ದಿನ ರಾಗಿ ಮುದ್ದೆ, ಹುರುಳಿ ಸಾರು, ಅಣ್ಣೆ ಸೊಪ್ಪು. ಇಂಥವನು ತಾನು ಸಸ್ಯಾಹಾರಿಯಾದೆ ಎಂದು ಬಡವನಹಳ್ಳಿಯ ಸಂತೆಯಲ್ಲೆಲ್ಲ ಸಾರಿಕೊಂಡು ಬಂದ.

ನಾನು ಅವನಿಗೆ ಒಬ್ಬನೇ ತಮ್ಮ. ಕೂಡಿದ ಮನೆ, ಒಂದೇ ಒಲೆ. ಅವನು ಬಿಟ್ಟ ಅಂದರೆ ನನಗೂ ಇಲ್ಲ. ಆದ್ದರಿಂದ ನಾನು ಹೇಳುವುದರಲ್ಲಿ ಹೊಟ್ಟೆಯ ಸಿಟ್ಟೂ ಸ್ವಲ್ಪ ಇದೆ, ಅದನ್ನು ನೀವೇ ಸೋಸಿಕೊಳ್ಳಿ.

ಅಣ್ಣನಿಗೆ ಮೊಣಕಾಲು ನೋವಿತ್ತು. ಮಧುಗಿರಿಯ ಒಂದು ಛತ್ರದಲ್ಲಿ ಪ್ರಕೃತಿ ಚಿಕಿತ್ಸೆಯವರು ಯಾರೋ ಭಾಷಣ ಮಾಡುತ್ತಾರೆ ಎಂದು ಕೇಳಿ ಹೋದ. ಮಾಂಸ ಬಿಡಿ, ಕಾಫಿ ಬಿಡಿ, ಕರಿದದ್ದು ಬಿಡಿ, ಹೊಟ್ಟೆಯ ಮೇಲೆ ಒದ್ದೆ ಮಣ್ಣಿನ ಪಟ್ಟಿ ಹಾಕಿಕೊಳ್ಳಿ ಎಂದು ಅವರು ಹೇಳಿದರಂತೆ. ಅಷ್ಟೇ ಆಗಿದ್ದರೆ ಅಣ್ಣ ಒಂದು ವಾರ ಮಣ್ಣು ಮೆತ್ತಿಕೊಂಡು ಆಮೇಲೆ ಮರೆತುಬಿಡುತ್ತಿದ್ದ. ಆದರೆ ಆ ಸಭೆಗೆ ಅಧ್ಯಕ್ಷರು ಬಡವನಹಳ್ಳಿಯ ಕಡಲೆಕಾಯಿ ವ್ಯಾಪಾರಿ ಶಂಕರಲಿಂಗಪ್ಪನವರು.

ಶಂಕರಲಿಂಗಪ್ಪನವರದು ಹಳೆಯ ಶೈವ ಮನೆತನ. ಮೊಟ್ಟೆಯ ಹೆಸರು ಕೇಳಿದರೂ ಬಾಯಿ ಮುಕ್ಕಳಿಸುವ ಪೈಕಿ. ನಮ್ಮ ಕಡಲೆಕಾಯಿ ಹೋಗುತ್ತಿದ್ದದ್ದು ಅವರ ಅಂಗಡಿಗೇ. ಇಪ್ಪತ್ತು ವರ್ಷ ಹೋಗಿ ಬಂದು ಮಾಡಿದರೂ ಅಣ್ಣ ಅವರ ಮನೆಯ ಹೊಸ್ತಿಲು ದಾಟಿದವನಲ್ಲ. ಮಜ್ಜಿಗೆ ಜಗಲಿಗೇ ಬರುತ್ತಿತ್ತು. ಕುಡಿದ ಲೋಟವನ್ನು ಅವನೇ ತೊಳೆದು ಗೋಡೆಯ ಪಕ್ಕ ಬೋರಲು ಹಾಕಬೇಕಿತ್ತು. ನಾನೂ ಹಾಗೇ ಕುಡಿದವನು, ನನಗೇನೂ ಅನಿಸುತ್ತಿರಲಿಲ್ಲ. ಅಣ್ಣನಿಗೆ ಅನಿಸುತ್ತಿತ್ತು. ಲೋಟ ಬೋರಲು ಹಾಕುವಾಗ ಅವನ ಕಿವಿ ಕೆಂಪಾಗುವುದನ್ನು ನಾನು ನೋಡಿದ್ದೇನೆ.

ಆ ದಿನ ಸಭೆ ಮುಗಿದ ಮೇಲೆ ಶಂಕರಲಿಂಗಪ್ಪನವರು ಇವನ ಹೆಗಲ ಮೇಲೆ ಕೈಯಿಟ್ಟು, "ಬಾಡು ಒಂದು ಬಿಟ್ಬಿಡಿ ಸಂಜೀವಯ್ಯನೋರೆ. ಆಮೇಲೆ ನಮಗೂ ನಿಮಗೂ ಏನು ವ್ಯತ್ಯಾಸ? ಒಂದೇ ಪಂಕ್ತೀಲಿ ಕೂತು ಉಣ್ಬೋದು" ಎಂದರಂತೆ. ದೊಡ್ಡವರು ಬಾಯಿಮಾತಿಗೆ ಹೀಗೆ ಎಷ್ಟೋ ಹೇಳುತ್ತಾರೆ. ನಮ್ಮಣ್ಣ ಅದನ್ನು ರಿಜಿಸ್ಟರ್ ಆದ ಪತ್ರದಂತೆ ಎದೆಗಿಟ್ಟುಕೊಂಡು ಮನೆಗೆ ಬಂದ.

ಬಂದವನೇ ಬಾಡು ಬೇಯಿಸುವ ಮಡಕೆಯನ್ನು ಎತ್ತಿಕೊಂಡು ಹೋಗಿ ತಿಪ್ಪೆಯ ಮೇಲೆ ಒಡೆದ. ಅತ್ತಿಗೆ ಸಣ್ಣಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತು, "ಮಡ್ಕೆ ಏನು ಮಾಡಿತ್ತಯ್ಯ ನಿಂಗೆ?" ಎಂದಳು. ಆ ಮಡಕೆ ಅವಳ ತವರಿನಿಂದ ಬಂದದ್ದು. ಅಣ್ಣ ಅದಕ್ಕೆ ಆರೋಗ್ಯದ ಮೇಲೆ ಭಾಷಣ ಹೇಳಿದ.

ಅಲ್ಲಿಂದ ಅವನಿಗೆ ಬೇರೆ ಅಡಿಗೆ ಶುರುವಾಯಿತು. ಬೆಳಿಗ್ಗೆ ಮೊಳಕೆ ಹುರುಳಿ ಹಸಿಯದು, ಮಧ್ಯಾಹ್ನ ಉಪ್ಪಿಲ್ಲದ ಬೇಯಿಸಿದ ಸೊಪ್ಪು, ಸಂಜೆ ಮೂಲಂಗಿ. ತ್ಯಾಗ ಮಾಡಿದವನು ಅವನು, ಹುರುಳಿ ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ, ಸೊಪ್ಪು ಬಿಡಿಸಿ, ಎರಡೆರಡು ಸಲ ಒಲೆ ಊದಿದವಳು ಅತ್ತಿಗೆ. ಹಾಲು ಕರುವಿಗೆ ಸೇರಿದ್ದು ಎಂದು ಹಾಲು ಮಜ್ಜಿಗೆಯನ್ನೂ ಒಂದು ತಿಂಗಳು ಬಿಟ್ಟ. ಶಂಕರಲಿಂಗಪ್ಪನವರ ಜಗಲಿಯಲ್ಲಿ ಮಜ್ಜಿಗೆ ಮುಂದೆ ಬಂದಾಗ ಕರುವಿನ ನೆನಪು ಹೋಯಿತು.

ಮೊಣಕಾಲು ನೋವು ಇಳಿದದ್ದು ನಿಜ, ಸುಳ್ಳು ಹೇಳಬಾರದು. ದಿನಾ ಎರಡು ಮೈಲಿ ಬಡವನಹಳ್ಳಿಗೆ ನಡೆದುಹೋಗಿ, ಸಿಕ್ಕವರಿಗೆಲ್ಲ ಸೊಪ್ಪಿನ ಮಹಿಮೆ ಹೇಳಿ, ಮತ್ತೆ ಎರಡು ಮೈಲಿ ನಡೆದು ಬಂದರೆ ಯಾರ ನೋವಾದರೂ ಇಳಿಯುತ್ತದೆ. ಜನ ಅವನಿಗೆ ಸೊಪ್ಪಿನ ಸಂಜೀವಯ್ಯ ಎಂದು ಹೆಸರಿಟ್ಟರು. ಅವನು ಅದನ್ನು ಬಿರುದು ಎಂದುಕೊಂಡ. "ಆನೆ ನೋಡ್ರಿ, ಬರೀ ಎಲೆ ತಿಂದು ಎಷ್ಟು ಬಲ!" ಎಂದು ಒಂದು ದಿನ ನಮ್ಮ ಬೇವಿನ ಕಟ್ಟೆಯ ಮೇಲೆ ಹೇಳುತ್ತಿದ್ದ. ಪಾವಗಡದ ಕಡೆಯಿಂದ ಸೊಸೆಯಾಗಿ ಬಂದು ಇಲ್ಲೇ ಮುದುಕಿಯಾದ ಪೆದ್ದಮ್ಮ ಎಲೆ ಅಡಿಕೆ ಕುಟ್ಟುತ್ತಾ, "ಆನೆ ತಿಂದಂಗೆ ನೀನೂ ತಿನ್ನಾಕೆ ಕುಂತ್ರೆ ಊರ ಬೇಲಿ ಒಂದಿನಕ್ಕೆ ಬರಲ್ಲ ನಾಯನಾ" ಎಂದಳು.

ಮಹಾಲಯ ಬಂತು. ನಮ್ಮಪ್ಪ ಬದುಕಿದ್ದಾಗ ಆ ಒಂದು ಎಡೆಯ ಮಾತನ್ನು ಎಷ್ಟು ಸಲ ಆಡಿದ್ದನೋ. ಸತ್ತ ಮೇಲೆ ನಂಗೆ ಕಾಲು ಸಾರು ಮರೀಬ್ಯಾಡ್ರಲಾ ಎನ್ನುತ್ತಿದ್ದ. ಅಣ್ಣ ಅವನ ಎಡೆಗೆ ಮೊಳಕೆ ಹುರುಳಿ ಬಡಿಸಿದ. ನನಗೆ ಮೈಯೆಲ್ಲ ಉರಿಯಿತು. ಬದುಕಿದ್ದವರನ್ನು ಉಪವಾಸ ಕೆಡವಿದ್ದು ಸಾಲದೆ ಸತ್ತವನ ಬಾಯಿಗೂ ಕೈಹಾಕಿದನಲ್ಲ ಎಂದು ಎದ್ದು ಹೊಲಕ್ಕೆ ಹೋದೆ.

ಅದಕ್ಕಿಂತ ದೊಡ್ಡ ನಷ್ಟ ಹೊಸತೊಡಕಿನಲ್ಲಿ ಆಯಿತು. ನಮ್ಮೂರಲ್ಲಿ ಹನ್ನೆರಡು ಮನೆಯವರು ಸೇರಿ ಎರಡು ಮರಿ ಕಡಿಸಿ, ಮುತ್ತುಗದ ಎಲೆಯ ಮೇಲೆ ಹನ್ನೆರಡು ಗುಡ್ಡೆ ಹಾಕಿ ಹಂಚಿಕೊಳ್ಳುತ್ತೇವೆ. ತಕ್ಕಡಿ ಇಲ್ಲ. ಗುಡ್ಡೆ ಹಾಕುವವನ ಕಣ್ಣೇ ತಕ್ಕಡಿ. ಪ್ರತಿ ಗುಡ್ಡೆಗೂ ಇಷ್ಟು ಈಲಿ, ಇಷ್ಟು ಮೂಳೆ, ಇಷ್ಟು ಕೊಬ್ಬು ಬೀಳಬೇಕು, ಎಲ್ಲರೂ ಆರಿಸಿಕೊಂಡ ಮೇಲೆ ಉಳಿದದ್ದು ಅವನದು. ಹದಿನೈದು ವರ್ಷ ಆ ಕೆಲಸ ನಮ್ಮಣ್ಣನದು. ಒಂದು ವರ್ಷವೂ ಒಬ್ಬನೂ ತಕರಾರು ಎತ್ತಿರಲಿಲ್ಲ. ಊರಿನಲ್ಲಿ ಅವನಿಗಿದ್ದ ಮಾನ ನಿಜಕ್ಕೂ ಅದು. ಆ ವರ್ಷ ಅವನು ಬಾಗಿಲು ಹಾಕಿಕೊಂಡು ಒಳಗೆ ಕೂತ. ಬೇರೆ ಯಾರೋ ಗುಡ್ಡೆ ಹಾಕಿದರು, ಎರಡು ಮನೆಯವರ ನಡುವೆ ಮಾತಿಗೆ ಮಾತು ಬೆಳೆದು ಮಚ್ಚು ಎತ್ತುವವರೆಗೂ ಹೋಯಿತು.

ಮರಿ ಕೊಯ್ಯಲು ಬಂದಿದ್ದ ಶಿರಾದ ಇಮಾಮ್ ಸಾಬ್ ನಮ್ಮ ಬಾಗಿಲಿಗೆ ಬಂದು, "ಅರೇ ಸಂಜೀವಣ್ಣ, ತಿನ್ಬೇಡ, ಬಂದು ಗುಡ್ಡೆನಾದ್ರೂ ಹಾಕಪ್ಪ" ಎಂದು ಕೂಗಿದ. ಅಣ್ಣ ಒಳಗಿನಿಂದಲೇ ಆಹಾರ ಶುದ್ಧಿಯ ಮಾತೆತ್ತಿದ. ಇಮಾಮ್ ಸಾಬ್ ಪೂರ್ತಿ ಕೇಳಿಸಿಕೊಂಡು, "ನಮ್ಮ ಮನೇಲೂ ವಾರಕ್ಕೆ ಆರು ದಿನ ಸೊಪ್ಪೇ ಕಣಪ್ಪ. ನಾವೇನು ಮೀಟಿಂಗ್ ಮಾಡ್ತೀವಾ?" ಎಂದು ಹೊರಟ. ನಾನು ಅವನ ಹಿಂದೆಯೇ ಹೋಗಿ, ಆಮೇಲೆ ಶಿರಾಕ್ಕೆ ಹೋದಾಗಲೆಲ್ಲ ಅವನ ಮನೆಯಲ್ಲಿ ಅವನ ಹೆಂಡತಿ ಖಾಜಾಬಿ ಬಡಿಸಿದ್ದನ್ನು ಹೊಟ್ಟೆತುಂಬ ತಿಂದು, ಬಾಯಿಗೆ ಪುದೀನ ಹಾಕಿಕೊಂಡು ಮನೆಗೆ ಬರುವುದನ್ನು ರೂಢಿ ಮಾಡಿಕೊಂಡೆ. ಅತ್ತಿಗೆಗೆ ವಾಸನೆ ಗೊತ್ತಾಗುತ್ತಿತ್ತು. ಅವಳು ಒಂದು ದಿನವೂ ಬಾಯಿಬಿಡಲಿಲ್ಲ. ಅವಳಿಗೂ ತರಬೇಕೆಂದು ನನಗೆ ಹೊಳೆಯಲೂ ಇಲ್ಲ. ಅಣ್ಣನನ್ನು ಇಷ್ಟು ಅಣಕಿಸುವ ನಾನೇನು ದೊಡ್ಡ ಮನುಷ್ಯ?

ಹೀಗೆ ಎರಡು ವರ್ಷ. ಐವತ್ತೊಂಬತ್ತರ ವೈಶಾಖದಲ್ಲಿ ಶಂಕರಲಿಂಗಪ್ಪನವರ ಮಗಳ ಮದುವೆ ಗೊತ್ತಾಯಿತು. ಅಚ್ಚು ಹಾಕಿಸಿದ ಲಗ್ನಪತ್ರಿಕೆ ನಮ್ಮ ಮನೆಗೆ ಬಂತು. ಊಟಕ್ಕೆ ಮೊದಲು ಅಣ್ಣ ಸಸ್ಯಾಹಾರದ ವಿಷಯವಾಗಿ ನಾಲ್ಕು ಮಾತು ಆಡಬೇಕು ಎಂದು ಹೇಳಿಯೂ ಕಳಿಸಿದ್ದರು. ಅಣ್ಣ ಆ ಪತ್ರಿಕೆಯನ್ನು ಊರಿನ ಪ್ರತಿ ಮನೆಗೂ ತೋರಿಸಿಕೊಂಡು ಬಂದ. "ನೋಡ್ತಿರಿ, ಒಳಗಿನ ಪಂಕ್ತೀಲಿ ಕೂತು ಉಂಡು ಬತ್ತೀನಿ" ಎಂದ. ಊರೆಲ್ಲ ಆ ದಿನಕ್ಕೆ ಕಾದಿತ್ತು. ಎಲ್ಲರಿಗಿಂತ ಹೆಚ್ಚಾಗಿ ನಾನು ಕಾದಿದ್ದೆ, ಅವನ ಮೂಗು ಕೊಯ್ಯುವುದನ್ನು ನೋಡಲು.

ನಾನೇ ಗಾಡಿ ಹೂಡಿದೆ. ಅತ್ತಿಗೆ ಮದುವೆಯ ಸೀರೆ ಉಟ್ಟಿದ್ದಳು. ಅಣ್ಣ ಗಂಜಿ ಹಾಕಿದ ಖಾದಿ ಜುಬ್ಬ. ಭಾಷಣ ಚೆನ್ನಾಗಿಯೇ ಆಯಿತು. ಆನೆಯ ಮಾತು ಬಂತು, ಕರುವಿನ ಮಾತು ಬಂತು, ಜನ ಚಪ್ಪಾಳೆ ತಟ್ಟಿದರು. ಶಂಕರಲಿಂಗಪ್ಪನವರು ಮೈಕಿನ ಮುಂದೆ ನಿಂತು, ಇವರನ್ನು ನೋಡಿ ನಾವೆಲ್ಲ ಕಲಿಯಬೇಕು ಎಂದರು. ಆಮೇಲೆ ಎಲೆ ಹಾಕಿದರು.

ಅತ್ತಿಗೆ ಯಾರೂ ಹೇಳದೆ ಹಿತ್ತಲ ಕಡೆ ನಡೆದಳು. ಅಲ್ಲಿ ಕಡಲೆಕಾಯಿ ಮೂಟೆಗಳ ಮಗ್ಗುಲಲ್ಲಿ ನಮ್ಮಂಥವರಿಗೆ ಸಣ್ಣ ಚಪ್ಪರ. ನಾನು ಮಾತ್ರ ಮದುವೆಯ ಗದ್ದಲದಲ್ಲಿ ಒಳಗೆ ನುಸುಳಿ, ತೊಟ್ಟಿಯ ಕಂಬದ ಮರೆಯಲ್ಲಿ ನಿಂತೆ. ಅಣ್ಣ ಕಾಲು ತೊಳೆದು, ತಲೆ ಎತ್ತಿಕೊಂಡು ಒಳಗೆ ಬಂದು, ಮೊದಲ ಸಾಲಿನ ಮೂರನೇ ಎಲೆಯ ಮುಂದೆ ಕೂತ. ಎಲೆಗೆ ನೀರು ಚಿಮುಕಿಸಿ ಒರೆಸಿದ. ಉಪ್ಪು ಬಡಿಸುತ್ತಾ ಬಂದವನು ಎರಡನೇ ಎಲೆಗೆ ಹಾಕಿ, ಮೂರನೆಯದನ್ನು ಬಿಟ್ಟು, ನಾಲ್ಕನೆಯದಕ್ಕೆ ಹೋದ. ಕೋಸಂಬರಿಯೂ ಹಾಗೇ ಹೋಯಿತು. ಪಕ್ಕದಲ್ಲಿ ಕೂತಿದ್ದ ಹಿರಿಯರು ಕೈ ಮಡಿಲಲ್ಲಿಟ್ಟುಕೊಂಡು ಸೂರು ನೋಡುತ್ತಿದ್ದರು. ಇಡೀ ಸಾಲು ಉಣ್ಣದೆ ಕೂತಿತ್ತು.

ಶಂಕರಲಿಂಗಪ್ಪನವರ ತಾಯಿ ಕಮಲಾಕ್ಷಮ್ಮ ಅಡಿಗೆಮನೆ ಬಾಗಿಲಲ್ಲಿ ನಿಂತು ಮಗನಿಗೆ ಹೇಳಿದ್ದು ನನಗೂ ಕೇಳಿಸಿತು, ಅಣ್ಣನಿಗೂ ಕೇಳಿಸಿತು. "ಬಿಟ್ಟಿರೋದು ಅವನು ಎರಡು ವರ್ಷದಿಂದ. ಆ ಮೈ ಬೆಳೆದದ್ದು ಏನು ತಿಂದು? ಅವರಪ್ಪ, ಅವರ ತಾತ ಏನು ತಿಂದು?"

ಶಂಕರಲಿಂಗಪ್ಪನವರು ಬಗ್ಗಿ ಅಣ್ಣನ ಹೆಗಲ ಮೇಲೆ ಕೈಯಿಟ್ಟರು. "ತಪ್ಪು ತಿಳ್ಕೋಬೇಡಿ ಸಂಜೀವಯ್ಯನೋರೆ. ವಯಸ್ಸಾದೋರು. ಹಿತ್ತಲಲ್ಲಿ ಒಳ್ಳೇ ಗಾಳಿ ಇದೆ, ನಿಮಗೆ ಆರೋಗ್ಯಕ್ಕೂ ಒಳ್ಳೇದು" ಎಂದರು.

ಅಣ್ಣ ಎದ್ದ. ಏಳುವಾಗ ಮೊಣಕಾಲು ಹಿಡಿದುಕೊಂಡ.

ನನಗೆ ನಗು ಬರಬೇಕಿತ್ತು. ಎರಡು ವರ್ಷ ಅದಕ್ಕೇ ಕಾದಿದ್ದೆ. ನಗು ಬರಲಿಲ್ಲ. ಆ ತೊಟ್ಟಿಯ ಕಂಬವನ್ನು ಕಿತ್ತು ಶಂಕರಲಿಂಗಪ್ಪನ ತಲೆಯ ಮೇಲೆ ಹಾಕೋಣ ಅನ್ನಿಸಿತು. ಹಾಕಲಿಲ್ಲ. ಆ ವರ್ಷದ ಕಡಲೆಕಾಯಿಯೂ ಅವರ ಅಂಗಡಿಗೇ ಹೋಗಬೇಕಿತ್ತು. ಸುಮ್ಮನೆ ಅವನ ಹಿಂದೆ ಹಿತ್ತಲಿಗೆ ಹೋದೆ.

ಅತ್ತಿಗೆ ಪಕ್ಕಕ್ಕೆ ಸರಿದು ಗಂಡನಿಗೆ ಜಾಗ ಬಿಟ್ಟಳು. ಒಳಗಿನ ಪಂಕ್ತಿ ಎರಡು ಸಲ ಎದ್ದ ಮೇಲೆ ನಮಗೆ ಅನ್ನ ಸಾರು ಬಂತು. ಒಬ್ಬಟ್ಟು ಮುಗಿದಿತ್ತು. ಬಡಿಸುವವನು ಖಾಲಿ ಹೆಡಿಗೆ ತೋರಿಸಿ ಹೋದ. ಅಣ್ಣ ಎಲೆಯಲ್ಲಿ ಬಿದ್ದದ್ದನ್ನೆಲ್ಲ ಉಂಡ, ಒಂದು ಅಗುಳೂ ಬಿಡಲಿಲ್ಲ.

ಉಂಡು ಎದ್ದು ಮತ್ತೆ ಗಾಡಿ ಹೂಡಿದೆ. ಹೊತ್ತು ಇನ್ನೂ ಇಳಿದಿರಲಿಲ್ಲ. ಊರು ಮುಟ್ಟುವಾಗ ಬೇವಿನ ಕಟ್ಟೆಯ ಮೇಲೆ ಹತ್ತಿಪ್ಪತ್ತು ಜನ ಕೂತಿದ್ದರು. ಮಹಾಲಯದ ಸಿಟ್ಟು, ಹೊಸತೊಡಕಿನ ಸಿಟ್ಟು ಎಲ್ಲರ ಮುಖದ ಮೇಲೂ ಇತ್ತು. ಗಾಡಿ ನಿಲ್ಲುವ ಮೊದಲೇ ಪೆದ್ದಮ್ಮ ಶುರು ಮಾಡಿದಳು.

"ಏನಪ್ಪಾ ಸೊಪ್ಪಿನ ಸಂಜೀವಯ್ಯ, ಎಲ್ಲಿ ಕುಂಡ್ರಿಸಿದ್ರು ನಾಯನಾ?"

ಅಣ್ಣ ಇಳಿದು ನೊಗ ಹಿಡಿದುಕೊಂಡ. ಗಾಡಿಯಿಂದ ಇಳಿಯುತ್ತಿದ್ದ ಅತ್ತಿಗೆ ಸೆರಗು ಕೊಡವಿಕೊಂಡು, "ಒಳಗೆ ಕಣಮ್ಮ, ಇನ್ನೆಲ್ಲಿ? ಮೊದಲ್ನೇ ಸಾಲಲ್ಲಿ, ಯಜಮಾನ್ರ ಪಕ್ಕದಾಗೇ" ಎಂದಳು. ಎರಡು ವರ್ಷ ಎರಡೆರಡು ಸಲ ಒಲೆ ಊದಿದ ಹೆಂಗಸು.

ಪೆದ್ದಮ್ಮ ನಂಬಲಿಲ್ಲ. ಅವಳು ನನ್ನ ಕಡೆ ತಿರುಗಿದಳು. ಅಣ್ಣನನ್ನು ಆಡಿಕೊಳ್ಳುವುದರಲ್ಲಿ ನಾನೇ ಮುಂದೆ ಎಂದು ಊರಿಗೆಲ್ಲ ಗೊತ್ತಿತ್ತು. "ದಿಟವೇನ್ಲಾ?"

"ನನ್ನ ಕಣ್ಣಾರೆ ಕಂಡೆ ಪೆದ್ದಮ್ಮ" ಎಂದೆ. "ಬ್ಯಾಡ ಬ್ಯಾಡ ಅಂದ್ರೂ ಬುಡಲಿಲ್ಲ. ನಾಕು ಒಬ್ಬಟ್ಟು ಹಾಕ್ಬುಟ್ರು."

ಪೆದ್ದಮ್ಮ ಕುಟ್ಟಿದ ಎಲೆ ಅಡಿಕೆಯನ್ನು ಬಾಯಿಗೆ ಹಾಕಿಕೊಂಡಳು. ಅಣ್ಣ ನೊಗ ಹಿಡಿದು ನಿಂತಿದ್ದ. ಎತ್ತಿನ ಕಡೆಯೇ ನೋಡುತ್ತಾ, ಗಂಟಲು ಸರಿಮಾಡಿಕೊಂಡು ಹೇಳಿದ.

"ನಾಕಲ್ಲ ಕಣ್ಲಾ. ಐದು."