ಎರಡು ಅಡುಗೆಮನೆಗಳ ನಡುವಿನ ಬಾಗಿಲು

ತರೀಕೆರೆಯ ಹಳೇ ಬೀದಿಯಲ್ಲಿ ಮನೆ ಕೊಳ್ಳುತ್ತೇವೆ ಎಂದಾಗ ನಮ್ಮ ಹಿತೈಷಿಗಳೆಲ್ಲ ಒಂದೇ ಮಾತು ಹೇಳಿದರು: ಊರಾಚೆ ಹೊಸ ಲೇಔಟಿನಲ್ಲಿ ಕೊಳ್ಳಿ. ಆ ಲೇಔಟಿನಲ್ಲೇ ನಾವು ಕೆಲವು ವರ್ಷ ಬಾಡಿಗೆಗಿದ್ದೆವು. ಅಲ್ಲಿಯ ಪಾರ್ಕು ನಕ್ಷೆಯಲ್ಲಿ ಬಹಳ ಸೊಗಸಾಗಿತ್ತು. ನೆಲದ ಮೇಲೆ ಮಾತ್ರ ಅದು ಲಂಟಾನದ ಪೊದೆ. ಪಕ್ಕದ ಮನೆಯವರ ಮುಖ ನಮಗೆ ಗೊತ್ತಿರಲಿಲ್ಲ. ಅವರ ಕಾರಿನ ಹಾರನ್ನು ಗೊತ್ತಿತ್ತು. ನಾನು ಅಜ್ಜಂಪುರದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುವವಳು. ಯಜಮಾನರದ್ದು ತರೀಕೆರೆ ಪೇಟೆಯಲ್ಲಿ ಕನ್ನಡಕದ ಅಂಗಡಿ. ಬಸ್‌ಸ್ಟ್ಯಾಂಡಿಗೂ ಅಂಗಡಿಗೂ ನಡೆದೇ ಹೋಗುವಂಥ ಮನೆ ಬೇಕಿತ್ತು. ಜೊತೆಗೆ, ನಾಚಿಕೆ ಬಿಟ್ಟು ಹೇಳುವುದಾದರೆ, ಜಗಲಿಯಿರುವ ಹಳೇ ಮನೆಯಲ್ಲಿ ಕೂತು ಕಾಫಿ ಕುಡಿಯುವ ಶೋಕಿಯೂ ನಮ್ಮಿಬ್ಬರಿಗೆ ಹತ್ತಿತ್ತು.

ಮಾರುವವರು ಕಡೂರಿಗೆ ಹೋಗಿ ನೆಲೆಸಿದ್ದ ಒಬ್ಬ ಗೃಹಸ್ಥರು. ಮನೆ ತೋರಿಸಲು ತಾವೇ ಬಂದರು. "ಗೋಡೆ ದಪ್ಪ ನೋಡಿ ಸಾರ್. ಬೇಸಿಗೇಲೂ ತಣ್ಣಗಿರುತ್ತೆ, ಫ್ಯಾನೇ ಬೇಡ," ಎಂದರು. ಹಾಗೆನ್ನುವಾಗ ಅವರ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಹಿತ್ತಲಲ್ಲಿ ಸಿಹಿನೀರಿನ ಬಾವಿಯಿತ್ತು. ಅಡುಗೆಮನೆಯಲ್ಲಿ ಗೋಡೆಗೆ ಒರಗಿಸಿದ ದೊಡ್ಡ ಮರದ ಬೀರು ಇತ್ತು. "ಇದನ್ನೂ ನೀವೇ ಇಟ್ಕೊಳಿ, ನಮ್ಮ ನೆನಪಿಗೆ," ಎಂದು ಅದನ್ನು ಪ್ರೀತಿಯಿಂದ ತಟ್ಟಿದರು. ಈ ಕಾಲದಲ್ಲೂ ಇಂಥ ಉದಾರಿಗಳಿದ್ದಾರಲ್ಲ ಎಂದು ನಾನು ಬಸ್ಸಿನಲ್ಲಿ ಸಹೋದ್ಯೋಗಿಗಳ ಮುಂದೆಲ್ಲ ಹೊಗಳಿದೆ.

ಗೃಹಪ್ರವೇಶವಾಯಿತು. ಬಂದವರೆಲ್ಲ ಮಾತಾಡಿಕೊಂಡವರಂತೆ ಗೋಡೆಗಡಿಯಾರ ಕೊಟ್ಟುಹೋದರು. ಮರುದಿನ ಬೆಳಗ್ಗೆ ನಾನು ಹಾಲು ಕಾಯಿಸುತ್ತಿದ್ದಾಗ ಬೀರುವಿನೊಳಗಿಂದ ಟಕಟಕ ಸದ್ದು ಬಂತು. ಹೆಗ್ಗಣವೆಂದುಕೊಂಡೆ. ಹೆಗ್ಗಣ ಮಾತಾಡಿತು.

"ಬೀರೂನ ಒಂಚೂರು ಆಕಡೆ ಜರುಗ್ಸಮ್ಮಾ. ನೀರು ಸೇದ್ಬೇಕು."

ಯಜಮಾನರನ್ನು ಎಬ್ಬಿಸಿ, ಇಬ್ಬರೂ ಸೇರಿ ಬೀರು ಜರುಗಿಸಿದೆವು. ಹಿಂದೆ ಬಾಗಿಲಿತ್ತು. ಚಿಲಕ ತೆಗೆದರೆ ಅರವತ್ತು ದಾಟಿದ ಹೆಂಗಸೊಬ್ಬರು ಸೊಂಟದಲ್ಲಿ ಕೊಡ, ಕೊರಳಲ್ಲಿ ಅಳತೆಯ ಟೇಪು ಹಾಕಿಕೊಂಡು ನಿಂತಿದ್ದರು. ಅವರ ಬೆನ್ನ ಹಿಂದೆ ಇನ್ನೊಂದು ಅಡುಗೆಮನೆ.

"ಮನೆ ನೋಡೋಕೆ ಯಾರಾದ್ರೂ ಬಂದ್ರೆ ನನ್ನ ಮೈದ್ನ ಬೀರು ಅಡ್ಡ ಇಡ್ತಿದ್ದ. ನೀವು ಕೊಂಡ್ಮೇಲೂ ತೆಗ್ದಿಲ್ವಲ್ಲ, ಯಾಕೆ ಅಂದ್ಕೊಂಡೆ," ಎನ್ನುತ್ತಾ ಅವರು ನಮ್ಮಿಬ್ಬರ ನಡುವೆ ಹಾದು ಹಿತ್ತಲಿಗೆ ನಡೆದರು.

ಒಂದೇ ಮನೆ ಅಣ್ಣತಮ್ಮಂದಿರಲ್ಲಿ ಎರಡಾಗಿತ್ತಂತೆ. ಅಣ್ಣನ ಪಾಲಿಗೆ ದೇವರಮನೆ ಬಂತು, ತಮ್ಮನ ಪಾಲಿಗೆ ಬಾವಿ. ದೇವರಿಲ್ಲದೆ ತಮ್ಮ ಸುಖವಾಗಿಯೇ ಬದುಕಿದ. ನೀರಿಲ್ಲದೆ ಅಣ್ಣ ಬದುಕುವುದು ಹೇಗೆ? ಅದಕ್ಕೇ ಈ ಬಾಗಿಲು. ಅಣ್ಣ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಅವರ ಹೆಂಡತಿಯೇ ಈಗ ಕೊಡ ಹಿಡಿದು ಬಂದವರು. ಮನೆಯ ಮುಂದಿನ ಕೋಣೆಯಲ್ಲಿ ಹುಡುಗಿಯರಿಗೆ ಹೊಲಿಗೆ ಕಲಿಸುತ್ತಿದ್ದರು.

ಯಜಮಾನರು ಕಡೂರಿಗೆ ಫೋನು ಮಾಡಿದರು. "ಓ, ಬಾಗಿಲಾ? ಹೇಳಿರ್ಲಿಲ್ವಾ ಸಾರ್?" ಎಂದರು ಉದಾರಿಗಳು. "ನಮ್ಮತ್ತಿಗೆ ಬಂಗಾರದಂಥೋರು ಕಣ್ರೀ. ಬಂದಿದ್ದೂ ಗೊತ್ತಾಗಲ್ಲ, ಹೋಗಿದ್ದೂ ಗೊತ್ತಾಗಲ್ಲ."

ಬಂದಿದ್ದು ಗೊತ್ತಾಗುತ್ತಿತ್ತು. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಬರುವರು. ಹೋಗುವಾಗ ಒಲೆಯ ಮೇಲಿನ ಮುಚ್ಚಳ ಎತ್ತಿ, "ಇದೇನು ಸಾರಾ, ಕಷಾಯಾನಾ?" ಎಂದು ಕೇಳಿಯೇ ಹೋಗುವರು. ಹೊಲಿಗೆಯ ಹುಡುಗಿಯರೂ ಬಿಂದಿಗೆ ಹಿಡಿದು ಸಾಲಾಗಿ ಬರತೊಡಗಿದರು. ಒಂದು ದಿನ ನಾನು ತಲೆಗೆ ಬಣ್ಣ ಹಚ್ಚಿಕೊಂಡು, ಹಳೇ ನೈಟಿಯಲ್ಲಿ ಕೂತಿದ್ದಾಗ ಅವರಲ್ಲೊಬ್ಬಳು, "ನಮಸ್ಕಾರ ಮೇಡಂ," ಎಂದಳು. ಹೋದ ವರ್ಷ ನನ್ನ ಕ್ಲಾಸಿನಲ್ಲಿದ್ದವಳು. ಸೋಮವಾರದ ಹೊತ್ತಿಗೆ ನನ್ನ ಬಿಳಿಕೂದಲ ಸುದ್ದಿ ಅಜ್ಜಂಪುರ ತಲುಪಿತ್ತು. ಬಸ್ಸು ಅಷ್ಟು ವೇಗವಾಗಿ ಯಾವತ್ತೂ ತಲುಪಿದ್ದಿಲ್ಲ.

"ಮನುಷ್ಯರಿಗೆ ಪ್ರೈವೆಸಿ ಅನ್ನೋದೊಂದು ಬೇಡ್ವಾ?" ಎಂದು ನಾನು ಕೂಗಾಡಿದೆ. ಬಾಗಿಲು ಮುಚ್ಚಿಸಬೇಕು, ಬೇಕಿದ್ದರೆ ಬಾವಿಯಿಂದ ಅವರಿಗೊಂದು ಪೈಪು ಎಳೆಸಿ ಕೊಡೋಣ ಎಂದು ತೀರ್ಮಾನಿಸಿದೆವು. ಇದನ್ನು ಖಡಾಖಂಡಿತವಾಗಿ ಹೇಳಿ ಬರಲು ಒಂದು ಭಾನುವಾರ ಯಜಮಾನರೇ ಆ ಬಾಗಿಲಿನಿಂದ ಹೊರಟರು. ಬಹಳ ಹೊತ್ತು ಬರಲಿಲ್ಲ. ಜಗಳ ಜೋರಾಗಿರಬೇಕೆಂದು ನಾನು ಕಿವಿಗೊಟ್ಟೆ. ಕೊನೆಗೆ ಬಂದಾಗ ಅವರ ಕೈಯಲ್ಲೊಂದು ತಟ್ಟೆ, ತಟ್ಟೆಯಲ್ಲಿ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ.

"ಹೇಳಿದ್ರಾ?"

"ಹೇಳೋಕೆ ಬಾಯಿಗೆ ಬಿಡುವಿದ್ರೆ ತಾನೆ," ಎಂದರು.

ಅಲ್ಲಿಂದ ಮುಂದೆ ನಮ್ಮ ಹೋರಾಟಕ್ಕೆ ರೊಟ್ಟಿಯ ರುಚಿ ಹತ್ತಿತು. ದಿನಾ ಬೆಳಗ್ಗೆ ಯಜಮಾನರು ಬಾಗಿಲಿನ ವಿಷಯ ಮಾತಾಡಲು ಹೋಗುವರು, ತೇಗುತ್ತಾ ಬರುವರು. ಸಖರಾಯಪಟ್ಟಣದಿಂದ ಅತ್ತೆ ಬಂದರು. ನಮ್ಮ ಮನೆಯಲ್ಲಿ ಮಲಗುತ್ತಿದ್ದರು, ಅಷ್ಟೆ. ಉಳಿದ ಹೊತ್ತೆಲ್ಲ ಆಚೆ ಕಡೆಯ ಅಡುಗೆಮನೆಯಲ್ಲಿ ಕಾಲು ಚಾಚಿ ಕೂತು ನನ್ನ ಗುಣಗಾನ ಮಾಡುತ್ತಿದ್ದರು. ನೆಂಟರು ಬಂದರೆ ಯಜಮಾನರು ಮನೆಯ ವಿಶೇಷವೆಂದು ಆ ಬಾಗಿಲನ್ನೇ ತೆರೆದು ತೋರಿಸುವರು. ನೆಂಟರು ಆಕೆಯ ಡಬ್ಬಿಗಳನ್ನು ಕೂಡ ತೆರೆದು ನೋಡುವರು. ನಾನೊಬ್ಬಳು ಮಾತ್ರ ತತ್ವ ಬಿಡಲಿಲ್ಲ. ಬ್ಲೌಸು ಬಿಗಿಯಾದಾಗ ಸಡಿಲಿಸಿಕೊಳ್ಳಲು ಹೋಗುತ್ತಿದ್ದೆ, ಅಷ್ಟೇ. ರೊಟ್ಟಿಯ ದೆಸೆಯಿಂದ ಆ ವರ್ಷ ನನ್ನ ಬ್ಲೌಸುಗಳೆಲ್ಲ ಬಿಗಿಯಾದವು.

ಆಮೇಲೆ ನಾವೊಂದು ಮದುವೆಗೆಂದು ಹಿರೇನಲ್ಲೂರಿಗೆ ಹೋಗಿ, ಅಲ್ಲೇ ಉಳಿದು ಬಂದೆವು. ಬಂದವರೇ ಯಜಮಾನರು ಕೈಕಾಲು ತೊಳೆದು, "ಏನು ತಿಂಡಿಯೋ ನೋಡ್ತೀನಿ," ಎಂದು ಬಾಗಿಲ ಚಿಲಕ ತೆಗೆದರು. ಎದುರಿಗೆ ಸಿಮೆಂಟ್ ಇಟ್ಟಿಗೆಯ ಗೋಡೆ. ಇನ್ನೂ ಹಸಿ. ಅವರು ಅದನ್ನು ಬೆರಳಿನಿಂದ ಮುಟ್ಟಿ ನೋಡಿ ನನ್ನ ಕಡೆ ತಿರುಗಿದರು. ಸ್ವಂತ ಮನೆಯಿಂದ ಹೊರಗೆ ಹಾಕಿಸಿಕೊಂಡವರ ಮುಖ ಅದು. ನಿಜ ಹೇಳಬೇಕೆಂದರೆ ನಾನೂ ಹೋಗಿ ಗೋಡೆ ಮುಟ್ಟಿ ನೋಡಿದೆ. ನಾವೇನು ತಪ್ಪು ಮಾಡಿದೆವು?

ಇಬ್ಬರೂ ಚಪ್ಪಲಿ ಮೆಟ್ಟಿ, ಬೀದಿಗಿಳಿದು, ಮೊದಲ ಸಲ ಅವರ ಮುಂಬಾಗಿಲಿಗೆ ಹೋದೆವು. ಅವರು ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದರು. ಹುಡುಗಿಯರು ಇನ್ನೂ ಬಂದಿರಲಿಲ್ಲ.

"ಏನಮ್ಮಾ, ಹೀಗ್ಮಾಡ್ಬಿಟ್ರಿ?" ಎಂದೆ. "ನಮ್ಮಿಂದೇನಾದ್ರೂ ಬೇಜಾರಾಯ್ತಾ?"

"ಬೇಜಾರೇನಿಲ್ಲ ಕೂತ್ಕೊಳಿ," ಎಂದರು. "ಅಡುಗೆಮನೆಗೇ ನಲ್ಲಿ ಹಾಕಿಸ್ಕೊಂಡೆ. ಇನ್ನು ಬಾವಿ ಬೇಡ. ನೀವೂ ಪ್ರೈವೆಸಿ ಪ್ರೈವೆಸಿ ಅಂತ ಕೂಗ್ತಿದ್ರಲ್ಲ, ಬಾಗಿಲಾಚೆ ಎಲ್ಲಾ ಕೇಳಿಸ್ತಿತ್ತು. ಯೋಚ್ನೆ ಮಾಡ್ದೆ. ಒಳ್ಳೇ ವಸ್ತೂನೇ ಅದು ಅನ್ನಿಸ್ತು."

ನಾವು ಕೂತೆವು. ಅವರು ಮಿಷನ್ನಿನ ಸೂಜಿಗೆ ದಾರ ಪೋಣಿಸುತ್ತಾ ಮುಂದುವರಿಸಿದರು.

"ಈ ಮನೆಗೆ ಸೊಸೆಯಾಗಿ ಬಂದಾಗ ತುಂಬಿದ ಸಂಸಾರ ಕಣಮ್ಮಾ. ಮಾಡಿದ್ದನ್ನೆಲ್ಲ ಯಾರಾದ್ರೂ ಬಗ್ಗಿ ನೋಡೋರೇ. ಪಾಲಾದ್ಮೇಲೂ ನೀರಿಗೆ ಅವರ ಒಲೆ ಮುಂದೇನೇ ಹೋಗ್ಬೇಕು, ಅವರೂ ಬರೋರು. ಆಮೇಲೆ ನೀವ್ ಬಂದ್ರಿ. ಒಂದ್ ದಿನಾನಾದ್ರೂ ಬಾಗಿಲು ಹಾಕ್ಕೊಂಡು ಅಡುಗೆ ಮಾಡ್ಲಿಲ್ಲ ನಾನು. ನನ್ನ ಸಾರಿಗೆ ಉಪ್ಪು ಎಷ್ಟು ಬಿತ್ತು ಅನ್ನೋದು ಇನ್ನಾದ್ರೂ ನನಗೊಬ್ಳಿಗೇ ಗೊತ್ತಿರ್ಲಿ."

ನನಗೆ ಮಾತು ಹೊರಡಲಿಲ್ಲ. ಯಜಮಾನರಿಗೆ ಹೊರಟಿತು.

"ಹಾಗಾದ್ರೆ... ರೊಟ್ಟಿ?"

"ಬನ್ನಿ, ಯಾರು ಬೇಡ ಅಂದ್ರು? ಈ ಬಾಗಿಲಿಂದ ಬನ್ನಿ. ಬರೋಕ್ಮುಂಚೆ ಒಂದು ಫೋನ್ ಮಾಡಿ."

ಈಗ ನಾವು ಫೋನು ಮಾಡಿಯೇ ಹೋಗುತ್ತೇವೆ. ಕೆಲವೊಮ್ಮೆ ಅವರು ಎತ್ತುವುದಿಲ್ಲ. ಯಜಮಾನರು ಅಂಥ ದಿನ ಉಪ್ಪಿಟ್ಟನ್ನು ಮೌನವ್ರತದಲ್ಲಿ ತಿನ್ನುತ್ತಾರೆ. ಅತ್ತೆ ಬಂದರೆ ಒಂದು ದಿನವೂ ನಿಲ್ಲುವುದಿಲ್ಲ; ಊರಿನಲ್ಲಿ ತೆಂಗಿನಕಾಯಿ ಕೀಳಿಸಬೇಕು ಎನ್ನುತ್ತಾರೆ.

ಆ ಹೊಸ ಗೋಡೆ ಹಳೆಯವುಗಳಷ್ಟು ದಪ್ಪವಲ್ಲ. ಬೆಳಗ್ಗೆ ಅಡುಗೆ ಮಾಡುತ್ತಾ ಅವರು ಹಾಡುವುದು ನನ್ನ ಒಲೆಯ ಹತ್ತಿರಕ್ಕೆ ಕೇಳಿಸುತ್ತದೆ. ಬಾಗಿಲಿದ್ದಷ್ಟು ದಿನ ಅವರು ಹಾಡಿದ್ದನ್ನು ನಾನು ಕೇಳಿದ್ದೇ ಇಲ್ಲ. ಶ್ರುತಿ ಅಷ್ಟಕ್ಕಷ್ಟೇ. ಅವರು ಮುಗಿಸುವವರೆಗೆ ನಾನು ಮಿಕ್ಸಿ ಹಾಕುವುದಿಲ್ಲ.