ಬಿತ್ತನೆ ಹೊತ್ತಿಗೆ ಬಂದ ತೋಮಯ್ಯ

ಜುಲೈ ಮೂರರ ಬೆಳಿಗ್ಗೆ ಬೆಂಗಳೂರಿನಿಂದ ಹೊಸಕೋಟೆಯ ಬಸ್ಸು ಹಿಡಿದೆ. ಅಲ್ಲಿ ಬಸ್ಸು ಬದಲಾಯಿಸಿ ನಂದಗುಡಿಯಲ್ಲಿ ಇಳಿದಾಗ ತುಂತುರು ಮಳೆ. ಸೋದರತ್ತೆ ಆರೋಗ್ಯಮ್ಮನ ಊರಿಗೆ ಅಲ್ಲಿಂದ ಎರಡು ಮೈಲಿ ಕೆಸರು ದಾರಿ. ಚಪ್ಪಲಿ ಕೈಯಲ್ಲಿ ಹಿಡಿದು ನಡೆದೆ. ಎರಡೂ ಕಡೆ ರಾಗಿ ಬಿತ್ತನೆ ಸಾಗಿತ್ತು.

ಆ ಊರಿನ ಪುಟ್ಟ ಚರ್ಚು ಸಂತ ತೋಮಾಸರದು. ಯೇಸುವಿನ ಶಿಷ್ಯರಾದ ಅವರು ಸಮುದ್ರ ದಾಟಿ ಬಂದು, ಸುವಾರ್ತೆ ಸಾರಿ, ಮೈಲಾಪುರದಲ್ಲಿ ಪ್ರಾಣ ಕೊಟ್ಟರೆಂದು ನಮ್ಮವರ ನಂಬಿಕೆ. ಊರವರಿಗೆ ಅವರು ಬರೀ ತೋಮಯ್ಯ. ಹಬ್ಬ ಮೊದಲಿನಿಂದಲೂ ಡಿಸೆಂಬರ್ ಇಪ್ಪತ್ತೊಂದಕ್ಕೆ, ರಾಗಿ ಕೊಯ್ಲಾದ ಮೇಲೆ. ರೋಮಿನಿಂದ ಬಂದ ಹೊಸ ಪಂಚಾಂಗ ಅದನ್ನು ಜುಲೈ ಮೂರಕ್ಕೆ ತಂದಿತ್ತು. ಇದೇ ಮೊದಲ ವರ್ಷ.

ಚರ್ಚಿನ ಮುಂದೆ ಪಲ್ಲಕ್ಕಿ ಸಿದ್ಧವಾಗಿತ್ತು. ಆದರೆ ತೋಮಯ್ಯನ ಮೂರ್ತಿಗೆ ಹೊದಿಸುವ ಕೆಂಪು ಶಾಲು ಅತ್ತೆಯ ಮನೆಯಲ್ಲಿತ್ತು. ಅದನ್ನು ಹೊದಿಸುವುದು ಆ ಮನೆತನದ ಹಕ್ಕು. ಅತ್ತೆ ಬಾಗಿಲು ಹಾಕಿಕೊಂಡಿದ್ದರು.

“ನೀವಾದ್ರೂ ಹೇಳಿ ನೋಡಿಯಮ್ಮ,” ಎಂದರು ಪಾದ್ರಿಗಳು.

ಮನೆಗೆ ಹೋಗಿ ಕರೆದಾಗ, ನನ್ನ ದನಿ ಕೇಳಿ ಅತ್ತೆ ಬಾಗಿಲು ತೆಗೆದರು. ಕಣ್ಣು ಕೆಂಪಾಗಿತ್ತು. “ಡಿಸೆಂಬರ್ ಹಬ್ಬ ತಪ್ಪಿಸ್ಬ್ಯಾಡ ಅಂತ ನಿಮ್ಮ ಮಾವ ಸಾಯೋವಾಗ ಹೇಳಿದ್ರು ಕಣೆ. ಆ ಮಾತು ರೋಮಲ್ಲಿರೋರಿಗೆ ಗೊತ್ತಾ?”

ಅಷ್ಟರಲ್ಲಿ ಪಕ್ಕದ ಮನೆಯ ಮುನಿಯಪ್ಪ ಬಂದರು, ಮೊಣಕಾಲವರೆಗೂ ಕೆಸರು. ಅವರು ಕ್ರೈಸ್ತರಲ್ಲ, ಆದರೂ ಮಾವ ತೀರಿಕೊಂಡ ಮೇಲೆ ಪಲ್ಲಕ್ಕಿಯ ಮುಂದಿನ ಕಂಬಕ್ಕೆ ಹೆಗಲು ಕೊಡುತ್ತಿದ್ದುದು ಅವರೇ.

“ಅಕ್ಕಾ, ಆಗ ಒಕ್ಕಣೆ ಬಿಟ್ಟು ಬರ್ತಿದ್ದೆ, ಈಗ ಬಿತ್ತನೆ ಬಿಟ್ಟು ಬಂದಿವ್ನಿ,” ಎಂದರು. “ನೀವು ಒಳಗೆ ಕೂತ್ರೆ ನಾನು ಯಾರ ಜೊತೆ ಹೋಗ್ಲಿ?”

ಅತ್ತೆ ಅವರ ಕಾಲಿನ ಕೆಸರನ್ನು ನೋಡಿದರು. ಆಮೇಲೆ ಒಳಗೆ ಹೋಗಿ ಶಾಲು ತಂದರು. ಚರ್ಚಿಗೆ ಬಂದು ತೋಮಯ್ಯನಿಗೆ ಹೊದಿಸಿ ಪಾದ್ರಿಗಳ ಕಡೆ ತಿರುಗಿದರು.

“ಸ್ವಾಮಿ, ಈ ಸಲ ಬೀದಿ ಮೆರವಣಿಗೆ ಬ್ಯಾಡ. ಹೊಲದ ಕಡೆ ಹೋಗೋಣ. ಇಷ್ಟು ವರ್ಷ ತೋಮಯ್ಯಂಗೆ ಬೆಳೆದಿದ್ದನ್ನ ತೋರಿಸಿದ್ವಿ, ಬಿತ್ತೋದನ್ನೂ ನೋಡ್ಲಿ.”

ಪಾದ್ರಿಗಳು ನಕ್ಕು ಒಪ್ಪಿದರು. ಪಲ್ಲಕ್ಕಿ ಬದುವಿನ ಮೇಲೆ ಓಲಾಡುತ್ತ ಸಾಗಿತು. ಕೂರಿಗೆ ಹೂಡಿದ್ದವರು ಎತ್ತು ನಿಲ್ಲಿಸಿ ಕೈ ಮುಗಿದರು. ಒಬ್ಬಾಕೆ ಮಡಿಲಿನಿಂದ ಒಂದು ಹಿಡಿ ಬೀಜ ತೆಗೆದು ತೋಮಯ್ಯನ ಪಾದದ ಬಳಿ ಇಟ್ಟಳು. ಮಳೆಯಲ್ಲಿ ಶಾಲು ನೆನೆದು ಮೂರ್ತಿಗೆ ಅಂಟಿಕೊಂಡಿತ್ತು. ಅತ್ತೆ ಮುಂದೆ ನಿಂತು ಹಾಡು ಹೇಳಿಕೊಟ್ಟರು. ಮಧ್ಯಾಹ್ನ ಮುದ್ದೆ, ಕೋಳಿ ಸಾರು. ಮುನಿಯಪ್ಪ ಎರಡು ಸಲ ಬಡಿಸಿಕೊಂಡು ಹೊಲಕ್ಕೆ ಹೊರಟರು.

ಮರುದಿನ ನಾನು ಹೊರಟಾಗ ಅತ್ತೆ ಊರಬಾಗಿಲವರೆಗೂ ಬಂದರು.

“ಡಿಸೆಂಬರ್‌ಗೂ ಬಾ, ತೋಮಯ್ಯನ ಹಬ್ಬದ ಅಡಿಗೆ ಮಾಡಿರ್ತೀನಿ,” ಎಂದು ಅತ್ತಿತ್ತ ನೋಡಿ ದನಿ ತಗ್ಗಿಸಿದರು. “ಸ್ವಾಮಿಯೋರ್ಗೆ ಹೇಳ್ಬ್ಯಾಡ.”