ಮಗಳ ಮನೆ ಕಳೆದುಹೋಗಿದೆ!

“ನೀವು ಕನ್ನಡದವರಾ? ನನ್ನ ಮಗಳ ಮನೆ ಕಳೆದುಹೋಗಿದೆ ಮಾರಾಯ್ರೆ!”

ದುಬೈನ ಡಿಸ್ಕವರಿ ಗಾರ್ಡನ್ಸ್ ಬಡಾವಣೆಯಲ್ಲಿ ಅಮ್ಮನೊಡನೆ ಫೋನಿನಲ್ಲಿ ಮಾತನಾಡುತ್ತ ನಡೆಯುತ್ತಿದ್ದ ನನ್ನನ್ನು ತಡೆದು ಹೀಗೆಂದವರು ಎಂಬತ್ತರ ಆಸುಪಾಸಿನ ಹಿರಿಯರೊಬ್ಬರು. ಸಂಜೆಯಾದರೂ ಸೆಕೆ ಇಳಿದಿರಲಿಲ್ಲ. ಅವರ ಅಂಗಿ ಬೆವರಿನಲ್ಲಿ ತೊಯ್ದಿತ್ತು. ಫೋನನ್ನು ಮನೆಯಲ್ಲೇ ಬಿಟ್ಟು ವಾಕಿಂಗ್ ಬಂದಿದ್ದರಂತೆ. ಇಲ್ಲಿನ ಕಟ್ಟಡಗಳೋ, ಎಲ್ಲವೂ ಒಂದೇ ಅಚ್ಚಿನವು. ನೀರು ಕುಡಿಸಿ, ಅವರ ಕೈ ಹಿಡಿದು ಹುಡುಕುತ್ತ ಹೊರಟೆ.

ಸ್ವಲ್ಪ ದೂರದಲ್ಲೇ ಮಗಳು ಓಡಿ ಬಂದರು. ಕಣ್ಣಲ್ಲಿ ನೀರು, ಬಾಯಲ್ಲಿ ಬೈಗುಳ. “ಅಪ್ಪಾ, ಎಪ್ಪತ್ತೊಂದರ ಯುದ್ಧದಲ್ಲಿ ಬಾಂಬರ್ ವಿಮಾನಕ್ಕೆ ದಾರಿ ತೋರಿಸಿದ ನ್ಯಾವಿಗೇಟರ್ ನೀವು! ಗುಂಡೇಟು ತಿಂದ ವಿಮಾನವನ್ನು ಕತ್ತಲಲ್ಲಿ ವಾಪಸ್ ಮುಟ್ಟಿಸಿದ್ದಕ್ಕೆ ಶೌರ್ಯ ಪದಕ ಬೇರೆ!”

ಹಿರಿಯರು ನನ್ನತ್ತ ಬಾಗಿ ಪಿಸುಗುಟ್ಟಿದರು: “ಊರಲ್ಲಿ ಯಾರಿಗೂ ಹೇಳ್ಬೇಡಿ ಆಯ್ತಾ? ಪದಕ ವಾಪಸ್ ಕೇಳಿಯಾರು!”

ಮಗಳಿಗೂ ಕೇಳಿಸಿತು. ಅಳುತ್ತಲೇ ನಕ್ಕುಬಿಟ್ಟರು.

ಮಾಲ್‌ನ ಪಾರ್ಕಿಂಗ್‌ನಲ್ಲಿ ಕಾರು ಎಲ್ಲಿ ನಿಲ್ಲಿಸಿದೆನೆಂದು ಮರೆತಾಗ ಮೊದಲೆಲ್ಲ ನಾಚಿಕೆಯಿಂದ ಒಬ್ಬಳೇ ಸುತ್ತುತ್ತಿದ್ದೆ. ಈಗ ಎದುರಿಗೆ ಸಿಕ್ಕವರನ್ನು ನಗುತ್ತಲೇ ಕೇಳಿಬಿಡುತ್ತೇನೆ.